ನಂಬರ್ ೧೧೪೭ರ ಬದಲಿ

ಕಾಂಟಾಝೋರಾ ಚಹಾ ತೋಟದಲ್ಲಿ ಮನುಷ್ಯರು ಸಾಯುತ್ತಾರೆ, ನಂಬರು ಸಾಯುವುದಿಲ್ಲ. ಎಲೆ ಕೀಳುವ ಹೆಂಗಸು ತೀರಿಕೊಂಡರೆ, ಇಲ್ಲವೇ ಕೈಲಾಗದವಳೆಂದು ತೋಟದ ಕಚೇರಿಯ ಬಾಬು ಬರೆದರೆ, ಅವಳ ನಂಬರಿಗೆ ಅವಳ ಮನೆಯದೇ ಇನ್ನೊಂದು ಜೀವ ಬರಬೇಕು. ಅದಕ್ಕೆ ಬದಲಿ ಎನ್ನುತ್ತಾರೆ. ಬದಲಿ ಕೊಡದಿದ್ದರೆ ಕೂಲಿಗಳಿಗೆ ತೋಟ ಕೊಟ್ಟ ಲೈನಿನ ಮನೆ ಬಿಡಬೇಕು. ಭೂತಾನಿನ ತಪ್ಪಲಿನ ಆ ತೋಟದ ಉರಾಂವ್, ಮುಂಡಾ, ಖರಿಯಾ ಬುಡಕಟ್ಟು ಜನರ ಮಾತುಗಳೆಲ್ಲ ಕಲೆಸಿಹೋಗಿ ಯಾವ ಮಾತಿಗೆ ಯಾವ ಅರ್ಥವೆಂದು ಹೇಳುವುದು ಕಷ್ಟ. ಬದಲಿ ಎಂಬ ಮಾತಿಗೆ ಮಾತ್ರ ಒಂದೇ ಅರ್ಥ. ಒಬ್ಬರು ಮುಗಿದರು, ಇನ್ನೊಬ್ಬರನ್ನು ತನ್ನಿ.

೧೧೪೭ಕ್ಕೆ ಎತ್ವಾರಿ ಲಕ್ಡಾ ಬಂದದ್ದು ಹದಿನಾಲ್ಕನೆಯ ವಯಸ್ಸಿಗೆ. ರಿಜಿಸ್ಟರಿನಲ್ಲಿ ಹದಿನೆಂಟು. ಅವಳ ತಾಯಿ ಎಲೆಯ ಸಾಲಿನ ನಡುವೆ ಉಸಿರು ತೆಗೆದುಕೊಳ್ಳಲೆಂದು ಕೂತವಳು ಏಳಲಿಲ್ಲ. ಎದೆಯ ರೋಗವಂತೆ. ಬುಟ್ಟಿಯ ಹಣೆಪಟ್ಟಿ ತಾಯಿಯ ಬೆವರು ಆರುವ ಮೊದಲೇ ಮಗಳ ಹಣೆಗೆ ಬಂತು.

ಈಗ ಎತ್ವಾರಿಗೆ ಮೂವತ್ತು. ಗಂಡ ಭೂತಾನಿನ ರಸ್ತೆ ಕೆಲಸಕ್ಕೆ ಹೋಗಿ ನಾಲ್ಕು ವರ್ಷ; ರಸ್ತೆ ಮುಗಿದಿರಬೇಕು, ಅವನು ಬರಲಿಲ್ಲ. ಮನೆಯಲ್ಲಿ ಅತ್ತೆ ಸನಿಯಾರೋ, ಏಳನೇ ಕ್ಲಾಸು ಓದುವ ಹದಿಮೂರರ ಮಗಳು ಜಿತ್ನಿ. ಎರಡು ವರ್ಷದಿಂದ ಎತ್ವಾರಿಗೆ ಉಸಿರು ಸಾಲದು. ಮಲಗಿದರೆ ಎದೆಯ ಮೇಲೆ ಯಾರೋ ಕೂತಂತಾಗುತ್ತದೆ. ಗೋಡೆಗೆ ಒರಗಿ ಕೂತೇ ನಿದ್ದೆ. ಬೆಳಗ್ಗೆ ಸೈರನ್ನಿಗೆ ಏಳುವುದು, ಊದಿದ ಕಾಲನ್ನು ಚಪ್ಪಲಿಗೆ ತುರುಕುವುದು, ಎರಡೆಲೆ ಒಂದು ಕುಡಿ ಕೀಳುವುದು. ಬುಟ್ಟಿ ತುಂಬಿದ ಮೇಲೆ ತಕ್ಕಡಿಯವರೆಗಿನ ಅರ್ಧ ಮೈಲಿಯಲ್ಲಿ ನಾಲ್ಕು ಸಲ ನಿಲ್ಲುವುದು. ನಿಂತಾಗಲೆಲ್ಲ ಮೇಸ್ತ್ರಿ ಭಗ್ತು ಸರ್ದಾರ್ ದೂರದಿಂದ ಕೂಗುತ್ತಿದ್ದ.

"ಏನ್ ಮೇಮ್‌ಸಾಬ್, ಪಲ್ಲಕ್ಕಿ ಕಳಿಸ್ಲಾ?"

ರೋಗದ ಮೂಲ ಹಳೆಯದು. ಒಂಬತ್ತು ವರ್ಷದವಳಿದ್ದಾಗ ಗಂಟಲು ಬಾತು ಜ್ವರ ಬಂದಿತ್ತು. ಜ್ವರ ಬಿಟ್ಟ ಮೇಲೆ ಮೊಣಕಾಲು ಊದಿತು. ಮೊಣಕಾಲು ಇಳಿದು ಮೊಣಕೈ ಊದಿತು. ತೋಟದ ಆಸ್ಪತ್ರೆಯ ಕಂಪೌಂಡರ್ ಬಿಳಿ ಮಾತ್ರೆ ಕೊಟ್ಟ. ತಲೆನೋವಿಗೂ ಅದೇ ಮಾತ್ರೆ, ಭೇದಿಗೂ ಅದೇ, ಬಾಣಂತಿಗೂ ಅದೇ. ಸಮಾನತೆಯ ವಿಷಯದಲ್ಲಿ ಆ ಆಸ್ಪತ್ರೆಯನ್ನು ದೂರುವ ಹಾಗಿರಲಿಲ್ಲ. ಆಗ ಕೊಡಬೇಕಾಗಿದ್ದದ್ದು ಪೆನ್ಸಿಲಿನ್ ಸೂಜಿ, ಇಪ್ಪತ್ತೊಂದು ದಿನಕ್ಕೊಮ್ಮೆ, ವರ್ಷಗಟ್ಟಲೆ. ಅದು ಸ್ಟಾಕಿನಲ್ಲಿ ಇರಲಿಲ್ಲ. ಅವಳ ತಾಯಿಯ ಕಾಲಕ್ಕೂ ಇರಲಿಲ್ಲ. ಒಂದೇ ಕೋಣೆಯಲ್ಲಿ ಎಂಟು ಜನ ಮಲಗುವ ಲೈನಿನಲ್ಲಿ ಗಂಟಲ ಬೇನೆ ಬಾಯಿಂದ ಬಾಯಿಗೆ ಹೋಗುತ್ತಿತ್ತು. ಗಂಟಲಿನಿಂದ ಕೀಲಿಗೆ, ಕೀಲಿನಿಂದ ಎದೆಗೆ. ಅದಕ್ಕೆ ಅವಸರವಿರಲಿಲ್ಲ.

ಚೈತ್ರದಲ್ಲಿ ತೋಟದ ಕ್ಲಬ್ಬಿನ ಮೈದಾನದಲ್ಲಿ ಶಾಮಿಯಾನ ಬಿತ್ತು. 'ನೂರು ಹೃದಯ' ಎಂದು ಬ್ಯಾನರು. ಶಹರದ ಆಸ್ಪತ್ರೆಯೊಂದು ಬಡವರ ನೂರು ಹೃದಯಗಳನ್ನು ಪುಕ್ಕಟೆ ರಿಪೇರಿ ಮಾಡುತ್ತದೆ, ಕೊನೆಯ ದಿನ ಮಂತ್ರಿಗಳು ಬಂದು ನೋಡುತ್ತಾರೆ. ಎತ್ವಾರಿಯ ಎದೆಗೆ ತಣ್ಣನೆಯ ಅಂಟು ಸವರಿ ಯಂತ್ರ ಒತ್ತಿದರು. ಪರದೆಯ ಮೇಲೆ ಏನೋ ತೆರೆಯಲಾರದೆ ತಡವರಿಸುತ್ತಿತ್ತು. ಅವಳ ಕುಪ್ಪಸದ ಮೇಲೆ ೪೧ ಎಂಬ ಚೀಟಿ ಅಂಟಿಸಿದರು. ತೋಟದ ವೆಲ್‌ಫೇರ್ ಬಾಬು ಗುಹ ಅವಳನ್ನು ಆ ಚೀಟಿಯ ಸಮೇತ ನಿಲ್ಲಿಸಿ ಫೋಟೋ ತೆಗೆದ. ಸ್ವಲ್ಪ ದುಃಖದಲ್ಲಿರು ಎಂದ. ಅವಳಿಗೆ ಕೆಮ್ಮು ಬಂತು. ಅದೇ ಚೆನ್ನಾಗಿದೆ ಎಂದ.

ಶಹರದ ಆಸ್ಪತ್ರೆಯಲ್ಲಿ ಆಯಾ ಅವಳನ್ನು ಜಿಡ್ಡು ಬಕೆಟ್ಟಿನ ಹಾಗೆ ಉಜ್ಜಿದಳು. ಬಾಗಾನದವರಿಗೆ, ಅಂದರೆ ತೋಟದವರಿಗೆ, ಹೇನು ಇರುತ್ತೆ ಎಂದು ಕೂದಲಿಗೆ ಔಷಧಿ ಹಾಕಿದಳು. ಹೇನಿರಲಿಲ್ಲ. ಆದರೂ ಹಾಕಿದಳು.

ಮೂರನೆಯ ದಿನ ಒಬ್ಬ ಚಿಕ್ಕ ಡಾಕ್ಟರ್ ಕಾಗದ, ಇಂಕು ಪ್ಯಾಡು ಹಿಡಿದು ಬಂದ. ವಯಸ್ಸು ಇಪ್ಪತ್ತಾರೋ ಏಳೋ. ಅವಳತ್ತ ನೋಡದೆ ಅವಳ ಬೆರಳು ಹಿಡಿದ.

"ಎದೆ ವಾಲ್ವು ಬದಲಿ ಆಗತ್ತೆ. ಹೆಬ್ಬೆಟ್ಟು ಒತ್ತು."

ಎತ್ವಾರಿ ಕೈ ಎಳೆದುಕೊಂಡಳು.

"ಬದಲಿ ಬ್ಯಾಡ."

"ಏನು?"

"ನಾನಿನ್ನೂ ಸತ್ತಿಲ್ಲ. ಬದಲಿ ಕೊಡಲ್ಲ."

ವಾರ್ಡು ನಕ್ಕಿತು. ಚಿಕ್ಕ ಡಾಕ್ಟರೂ ನಕ್ಕ. ಇನ್ನೊಮ್ಮೆ ಹೇಳಿದ, ಜೋರಾಗಿ ಹೇಳಿದ. ಅವಳು ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿ ಮುಷ್ಟಿಯನ್ನು ಕಂಕುಳಲ್ಲಿ ಇಟ್ಟುಕೊಂಡಳು. ಆತ ಕೇಸ್ ಪೇಪರಿನಲ್ಲಿ ಇಂಗ್ಲಿಷಿನಲ್ಲಿ ಬರೆದ: ಬುಡಕಟ್ಟು ಮೂಢನಂಬಿಕೆಯ ಕಾರಣ ರೋಗಿ ನಿರಾಕರಿಸಿದ್ದಾಳೆ.

ಮಧ್ಯಾಹ್ನ ಸಮಾಲೋಚಕಿಯೊಬ್ಬಳನ್ನು ಕಳಿಸಿದರು. ಆಕೆ ಸ್ಟೂಲಿನ ಮೇಲೆ ಕೂತು, ಆತ್ಮವೆಂಬುದು ವಾಲ್ವಿನಲ್ಲಿ ಇರುವುದಿಲ್ಲ, ವಾಲ್ವು ತೆಗೆದರೆ ಆತ್ಮ ಹೋಗುವುದಿಲ್ಲ ಎಂದು ಅರ್ಧ ಗಂಟೆ ಮೆತ್ತಗೆ ಹೇಳಿದಳು. ಎತ್ವಾರಿ ಮರ್ಯಾದೆಯಿಂದ ಕೇಳಿದಳು. ಆತ್ಮದ ಚಿಂತೆ ಅವಳಿಗೆ ಎಂದೂ ಬಂದಿರಲಿಲ್ಲ. ಎಲ್ಲ ಮುಗಿದ ಮೇಲೆ, ಹಾಗಾದರೆ ಬದಲಿ ಯಾರ ಹೆಸರಿಗೆ ಬರೆಯುತ್ತೀರಿ, ನನ್ನ ಮಗಳಿಗೆ ಹದಿಮೂರೇ ವರ್ಷ, ಎಂದು ಕೇಳಿದಳು. ಸಮಾಲೋಚಕಿ ಪುಸ್ತಕ ಮುಚ್ಚಿ ಎದ್ದುಹೋದಳು.

ಆ ಮಾತು ಅರ್ಥವಾದದ್ದು ವಾರ್ಡಿನ ನರ್ಸ್ ಆಗ್ನೇಸ್ ಕುಜೂರಳಿಗೆ. ಆಕೆಯ ತಾಯಿಯೂ ಒಂದು ತೋಟದಲ್ಲಿ ಒಂದು ನಂಬರಾಗಿದ್ದವಳು. ಔಷಧಿಯ ತಟ್ಟೆ ಹಿಡಿದು ನಿಂತಲ್ಲೇ ಆಗ್ನೇಸಳಿಗೆ ನಗು ಬಂತು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

"ಅಯ್ಯೋ ಹುಚ್ಚಿ, ನಿನ್ನ ನಂಬರಲ್ಲ ಕಣೇ. ನಿನ್ನ ಎದೆ ಒಳಗಿನ ಬಾಗಿಲು."

ಆಮೇಲೆ ಮಂಚದ ತುದಿಗೆ ಕೂತು ಬಿಡಿಸಿ ಹೇಳಿದಳು. ಹೃದಯದಲ್ಲಿ ರಕ್ತ ಹೋಗಲು ಬಾಗಿಲುಗಳಿವೆ. ಎತ್ವಾರಿಯದರಲ್ಲಿ ಒಂದರ ಎರಡು ರೆಕ್ಕೆ ಅಂಟಿಕೊಂಡಿವೆ. ಪೂರಾ ತೆರೆಯದು, ಪೂರಾ ಮುಚ್ಚದು. ಅದನ್ನು ಕಿತ್ತು ಲೋಹದ ಬಾಗಿಲು ಕೂರಿಸುತ್ತಾರೆ. ಅದೇ ಬದಲಿ.

ಎತ್ವಾರಿಗೆ ನಾಚಿಕೆಯಾಯಿತು. ತಾನೂ ನಕ್ಕಳು. ನಗು ಮುಗಿದ ಮೇಲೆ, ಹೊಸ ಸಾಮಾನು ಕೈಗೆ ಬಂದ ಕೂಲಿಯವಳು ಕೇಳುವಂತೆ, ಅದಕ್ಕೆ ಏನೇನು ಬೇಕು ಎಂದು ಕೇಳಿದಳು.

ಮಾತ್ರೆ ಬೇಕು, ದಿನವೂ, ಸಾಯುವವರೆಗೆ ಎಂದಳು ಆಗ್ನೇಸ್. ರಕ್ತ ತೆಳ್ಳಗಿರಬೇಕು, ಇಲ್ಲವಾದರೆ ಲೋಹದ ಮೇಲೆ ಹೆಪ್ಪುಗಟ್ಟುತ್ತದೆ. ತೀರ ತೆಳ್ಳಗಾದರೆ ಮೂಗಿನಲ್ಲಿ, ತಲೆಯೊಳಗೆ ಒಡೆದು ಬರುತ್ತದೆ. ಹಾಗಾಗಿ ತಿಂಗಳಿಗೊಮ್ಮೆ ರಕ್ತ ತೆಗೆದು ನೋಡಬೇಕು. ಎಲ್ಲಿ? ಇಲ್ಲಿ. ಕಾಂಟಾಝೋರಾದಿಂದ ಎರಡು ಬಸ್ಸು, ಐದು ಗಂಟೆ.

ಎತ್ವಾರಿ ಸ್ವಲ್ಪ ಹೊತ್ತು ತನ್ನ ಕಾಲನ್ನೇ ನೋಡಿದಳು. ಮೀನಖಂಡದ ತುಂಬ ಹಳೆಯ ಕಪ್ಪು ಚುಕ್ಕೆಗಳು.

"ದಿದಿ, ಜಿಗಣೆ ಕಚ್ಚಿದ್ರೆ?"

ಆಗ್ನೇಸ್ ಬಗ್ಗಿ ಆ ಚುಕ್ಕೆಗಳನ್ನು ನೋಡಿದಳು. ಆಷಾಢದಿಂದ ಆಶ್ವಯುಜದವರೆಗೆ ಚಹಾ ಗಿಡದ ಬುಡದಲ್ಲಿ ಒಂದೊಂದು ಕಾಲಿಗೆ ಹತ್ತಿಪ್ಪತ್ತು ಜಿಗಣೆ ಹತ್ತುತ್ತವೆ. ಗಟ್ಟಿ ರಕ್ತದವರಿಗೇ ಅವು ಕಚ್ಚಿದ ಜಾಗ ಒಂದು ಗಂಟೆ ಒಸರುತ್ತದೆ.

"ರಕ್ತ ನಿಲ್ಲಲ್ಲ," ಎಂದಳು. "ಮಳೇಲಿ ನೀನು ಎಲೆ ಕೀಳೋ ಹಾಗಿಲ್ಲ."

"ಬಾಬುಗೆ ಗೊತ್ತಾದ್ರೆ?"

"ಅನ್‌ಫಿಟ್ ಅಂತ ಬರೀತಾರೆ."

"ಬರೆದ್ರೆ?"

ಆಗ್ನೇಸ್ ತಟ್ಟೆಯಲ್ಲಿದ್ದ ಮಾತ್ರೆಗಳನ್ನು ಜೋಡಿಸತೊಡಗಿದಳು.

"ಮತ್ತೆ ನಾನು ತಪ್ಪೇನ್ ತಿಳ್ಕೊಂಡೆ ದಿದಿ? ಆ ಹುಡುಗ ಡಾಕ್ಟ್ರು ಸರಿಯಾಗೇ ಹೇಳ್ದ. ನಾನೂ ಸರಿಯಾಗೇ ಕೇಳಿಸ್ಕೊಂಡೆ."

ಈ ಸಲ ಇಬ್ಬರೂ ನಗಲಿಲ್ಲ. ಆಗ್ನೇಸ್ ಎದ್ದು ಬಾಗಿಲ ಕಡೆ ನೋಡಿ ಮತ್ತೆ ಕೂತಳು. ತಗ್ಗಿದ ದನಿಯಲ್ಲಿ ಇನ್ನೊಂದು ವಿಷಯ ಹೇಳಿದಳು. ಎಲ್ಲ ಬಾಗಿಲನ್ನೂ ಕೀಳಬೇಕೆಂದೇನಿಲ್ಲ. ಕೆಲವನ್ನು ರಿಪೇರಿ ಮಾಡಬಹುದು. ಅಂಟಿದ ರೆಕ್ಕೆಗಳನ್ನು ಕತ್ತರಿಸಿ ಬಿಡಿಸುತ್ತಾರೆ, ದಪ್ಪಗಟ್ಟಿದ್ದನ್ನು ಸವರಿ ತೆಳ್ಳಗೆ ಮಾಡುತ್ತಾರೆ, ಸಡಿಲವಾದ ಚೌಕಟ್ಟಿಗೆ ಬಳೆ ಹಾಕಿ ಹೊಲಿಯುತ್ತಾರೆ. ಅದಕ್ಕೆ ಕೆಲವು ತಿಂಗಳ ಮೇಲೆ ಆ ಮಾತ್ರೆ ಬೇಡ. ದೊಡ್ಡ ಡಾಕ್ಟರ್ ಭಾದುರಿಯವರ ಕೈ ಅದಕ್ಕೇ ಹೆಸರಾದದ್ದು. ಎತ್ವಾರಿಯ ಚಿತ್ರ ನೋಡಿ ಅವರೇ ಅಂದಿದ್ದರು, ಇದು ಹೊಲಿಯಬಹುದಾದದ್ದು ಎಂದು. ಇಂಗ್ಲಿಷಿನಲ್ಲಿ ಅಂದಿದ್ದರು, ಪಕ್ಕದಲ್ಲಿ ನಿಂತ ನರ್ಸಿಗೆ ಇಂಗ್ಲಿಷು ಬರುತ್ತದೆಂಬುದನ್ನು ದೊಡ್ಡವರು ಮರೆಯುತ್ತಾರೆ.

ಆದರೆ ಹೊಲಿಯಲು ನಾಲ್ಕು ಗಂಟೆ ಬೇಕು. ಬದಲಿಗೆ ಎರಡು ಸಾಕು. ಮಂತ್ರಿಗಳು ಬರುವ ಭಾನುವಾರದೊಳಗೆ ನೂರು ಆಗಬೇಕು, ಆಗಿರುವುದು ಎಪ್ಪತ್ತೆರಡು. ಲೋಹದ ಬಾಗಿಲುಗಳನ್ನು ಪರದೇಶದ ಕಂಪನಿಯೊಂದು ದಾನ ಕೊಟ್ಟಿದೆ. ಅವುಗಳ ಡಬ್ಬಿಯ ಮೇಲೆ ಅವಧಿ ಮುಗಿಯುವ ತಾರೀಕು ಇದೆ. ಆ ತಾರೀಕು ಹತ್ತಿರ ಬಂದಿದೆ.

ಮರುದಿನ ಸನಿಯಾರೋ ಎರಡು ಬಸ್ಸು ಬದಲಾಯಿಸಿ ಬಂದಳು. ಕುಟ್ಟಿದ ಎಲೆಯಡಿಕೆ ಬಾಯಲ್ಲಿಟ್ಟುಕೊಂಡು ಲೈನಿನ ಸುದ್ದಿಯೆಲ್ಲ ಹೇಳಿದಳು. ಕೊನೆಯಲ್ಲಿ, ಮರೆತುಹೋಗಿತ್ತು ಎಂಬಂತೆ, ಜಿತ್ನಿಗೆ ಗಂಟಲು ನೋವಿತ್ತು ಎಂದಳು. ಬಿಳಿ ಮಾತ್ರೆ ಕೊಟ್ಟರಂತೆ. ಜ್ವರ ಬಿಟ್ಟಿದೆ. ಈಗ ಮೊಣಕಾಲು ಅಷ್ಟೇ.

"ಯಾವ ಮೊಣಕಾಲು?"

"ಮೊನ್ನೆ ಎಡಗಡೇದು. ಇವತ್ತು ಬಲಗಡೇದು. ಓಡಾಡೋ ಹುಡುಗಿ, ಬಿದ್ದಿರ್ತಾಳೆ ಬಿಡು."

ಎತ್ವಾರಿಯ ಎದೆಯ ಬಾಗಿಲು ಅಂಟಿಕೊಳ್ಳಲು ಇಪ್ಪತ್ತು ವರ್ಷ ಹಿಡಿದಿತ್ತು. ಮಗಳದು ಮೊನ್ನೆ ಶುರುವಾಗಿತ್ತು.

ಬೆಳಗಿನ ರೌಂಡ್ಸಿಗೆ ಭಾದುರಿ ಬಂದರು. ಅರವತ್ತು ದಾಟಿದವರು, ಕಣ್ಣ ಕೆಳಗೆ ಚೀಲ. ಹಿಂದೆ ಚಿಕ್ಕ ಡಾಕ್ಟರು, ಅವನ ಹಿಂದೆ ಕ್ಯಾಮೆರಾ ಹಿಡಿದ ಗುಹ ಬಾಬು. ತೋಟದ ಹೃದಯ ರಿಪೇರಿಯಾಗುವುದನ್ನು ಕಂಪನಿಯ ಪತ್ರಿಕೆಗೆ ಕಳಿಸಲು ಬಂದಿದ್ದ. ಮೂಢನಂಬಿಕೆ ಕೇಸು ಇದೇ ಸರ್ ಎಂದ ಚಿಕ್ಕ ಡಾಕ್ಟರು.

"ಏನಮ್ಮಾ, ಯಾಕೆ ಹಟ?" ಎಂದರು ಭಾದುರಿ. "ಹೊಸ ಬಾಗಿಲು ಹಾಕ್ತೀವಿ ಅಂದ್ರೆ ಬೇಡ ಅಂತೀಯಂತೆ."

"ಬದಲಿ ಬ್ಯಾಡ ಸಾಹೇಬ್ರೇ. ಹೊಲ್ದುಬಿಡಿ."

ಭಾದುರಿ ಚಿಕ್ಕ ಡಾಕ್ಟರನ ಮುಖ ನೋಡಿದರು. ಆತ ಆಗ್ನೇಸಳ ಮುಖ ನೋಡಿದ. ಆಗ್ನೇಸ್ ಗ್ಲೂಕೋಸ್ ಬಾಟಲಿ ನೋಡುತ್ತಿದ್ದಳು.

"ಹೊಲೀಬಹುದು ಅಂತ ಯಾರು ಹೇಳಿದ್ದು ನಿನಗೆ?"

"ಯಾರ್ ಹೇಳ್ಬೇಕು? ನಮ್ಮ ಬಾಗಾನದಲ್ಲಿ ಎಲ್ಲಾನೂ ಹೊಲೀತಾರೆ. ಛತ್ರಿ ಹರಿದ್ರೆ ಹೊಲ್ಸ್ಕೋ ಅಂತಾರೆ. ಬುಟ್ಟಿ ತಳ ಕಿತ್ರೆ ಹೆಣ್ಕೋ ಅಂತಾರೆ. ಮನೆ ಸೋರಿದ್ರೆ ತೇಪೆ ಹಾಕು ಅಂತಾರೆ. ನನ್ನ ಅಜ್ಜಿ ಕಾಲದಿಂದ ಹೊಸದು ಅನ್ನೋ ಮಾತೇ ಕೇಳಿಲ್ಲ. ಇವತ್ತು ಎದೆಗೆ ಮಾತ್ರ ಹೊಸದು ಹಾಕ್ತೀವಿ ಅಂತವ್ರೆ. ಯಾಕೆ ಅಂತ ಕೇಳ್ಬಾರದಾ?"

ಗುಹ ಬಾಬು ಮುಂದೆ ಬಂದ.

"ಇವರು ಹೀಗೇ ಸರ್, ಉಪಕಾರ ತಿಳಿಯೋ ಜನ ಅಲ್ಲ. ಏಯ್ ಎತ್ವಾರಿ, ಲೈನಿನ ಮನೆ ನೆನಪಿದೆ ತಾನೆ?"

"ಅದೇ ನೆನಪಿರೋದು ಬಾಬು. ಅದಕ್ಕೇ ಬ್ಯಾಡ ಅಂತಿರೋದು."

ವಾರ್ಡಿನಲ್ಲಿ ಇಪ್ಪತ್ತೆಂಟು ಮಂಚ. ಎಲ್ಲ ಮಂಚದವರೂ ಇತ್ತ ತಿರುಗಿದರು. ಭಾದುರಿ ಸ್ಟೂಲು ಎಳೆದುಕೊಂಡು ಕೂತರು. ಬಹಳ ವರ್ಷದಿಂದ ಅವರು ಯಾವ ರೋಗಿಯ ಪಕ್ಕದಲ್ಲೂ ಕೂತಿರಲಿಲ್ಲ. ಸ್ಟೂಲು ಎಲ್ಲಿದೆಯೆಂದೇ ಹುಡುಕಬೇಕಾಯಿತು.

"ಕೇಳು. ಹೊಲಿದದ್ದು ಹತ್ತು ವರ್ಷ ಬಂದರೆ ಬಂತು. ಆಮೇಲೆ ಮತ್ತೆ ಎದೆ ಸೀಳಬೇಕಾಗಬಹುದು. ಲೋಹದ್ದು ಮೂವತ್ತು ವರ್ಷ ಬರತ್ತೆ."

"ಬಾಗಿಲು ಬರತ್ತೆ. ನಾನ್ ಬರ್ತೀನಾ?"

ಭಾದುರಿ ಕೇಸ್ ಪೇಪರ್ ತಿರುವಿ ಅವಳ ವಯಸ್ಸು ನೋಡಿದರು.

"ಹತ್ತು ವರ್ಷ ಸಾಕು ಸಾಹೇಬ್ರೇ. ಅಷ್ಟೊತ್ತಿಗೆ ನನ್ನ ಮಗಳಿಗೆ ಇಪ್ಪತ್ಮೂರು. ಓದಿ ಮುಗ್ಸಿರ್ತಾಳೆ. ಆಮೇಲೆ ಏನಾದ್ರೂ ಆಗ್ಲಿ."

ಭಾದುರಿ ಹೊಸ ಕಾಗದ ತರಿಸಿ ತಾವೇ ಬರೆದರು. ಎತ್ವಾರಿ ಅದನ್ನು ಓದಿ ಹೇಳಲು ಆಗ್ನೇಸಳನ್ನೇ ಕರೆದಳು. ವಾಲ್ವು ರಿಪೇರಿ ಎಂದಿತ್ತು. ಅದರ ಕೆಳಗೆ, ರಿಪೇರಿ ಕೂಡದಿದ್ದರೆ ಬದಲಿ ಎಂದಿತ್ತು. ಎಲ್ಲ ಕಾಗದದಲ್ಲೂ ಹಾಗೆಯೇ ಇರುತ್ತದೆ, ನಿನ್ನ ಒಳ್ಳೆಯದಕ್ಕೇ ಎಂದರು ಭಾದುರಿ.

"ನಾನು ನಿದ್ದೇಲಿ ಇರ್ತೀನಿ. ಕೂಡ್ತೋ ಇಲ್ವೋ ಯಾರ್ ನೋಡ್ತಾರೆ? ಭಾನುವಾರ ಹತ್ರ ಬಂದದೆ. ಆ ಸಾಲು ಹೊಡ್ದಾಕಿ."

"ಹೊಡೆದು ಹಾಕಿದರೆ, ಹೊಲಿಗೆ ಕೂಡದಿದ್ದರೆ, ಮೇಜಿನ ಮೇಲೇ ಸಾಯ್ತೀಯ. ಗೊತ್ತಾಯ್ತಾ?"

"ಸತ್ರೆ ಬದಲಿ ಹೆಂಗೂ ಆಗತ್ತೆ. ಬದುಕಿದ್ದು ಕೊಡಲ್ಲ."

ಭಾದುರಿ ಪೆನ್ನಿನ ತುದಿಯನ್ನು ಆ ಸಾಲಿನ ಮೇಲೆ ಇಟ್ಟರು. ಆಮೇಲೆ ಗೀಟು ಎಳೆದರು. ಅವಳು ಮುಷ್ಟಿ ಬಿಚ್ಚಿ ಹೆಬ್ಬೆಟ್ಟು ಒತ್ತಿದಳು. ಗುಹ ಬಾಬು ಫೋಟೋ ತೆಗೆಯಲಿಲ್ಲ.

ಶುಕ್ರವಾರ ಅವಳ ಎದೆಯ ಮೂಳೆಯನ್ನು ಗರಗಸದಿಂದ ಸೀಳಿದರು. ಹೃದಯವನ್ನು ನಿಲ್ಲಿಸಿದರು. ಒಂದು ಯಂತ್ರ ಅವಳ ಬದಲು ಉಸಿರಾಡಿತು. ಒಳಗೆ ನೋಡಿದರೆ ಚಿತ್ರದಲ್ಲಿ ಕಂಡದ್ದಕ್ಕಿಂತ ಕೆಟ್ಟಿತ್ತು. ರೆಕ್ಕೆಗಳು ಚಪ್ಪಲಿಯ ಚರ್ಮದಷ್ಟು ದಪ್ಪ. ಮೊದಲ ಹೊಲಿಗೆ ಸೋರಿತು. ಚಿಕ್ಕ ಡಾಕ್ಟರ್ ಲೋಹದ ಬಾಗಿಲಿನ ಡಬ್ಬಿಯನ್ನು ತಂದು ಮೇಜಿನ ಪಕ್ಕಕ್ಕೆ ಇಟ್ಟ. ತೆಗೆದು ಆಚೆ ಇಡು ಎಂದರು ಭಾದುರಿ. ಹೊಲಿಗೆ ಬಿಚ್ಚಿ ಮತ್ತೆ ಹಾಕಿದರು. ನಾಲ್ಕು ಗಂಟೆಯ ಕೆಲಸಕ್ಕೆ ಐದೂವರೆ ಹಿಡಿಯಿತು. ಇದೆಲ್ಲ ಎತ್ವಾರಿಗೆ ಆಮೇಲೆ ಆಗ್ನೇಸ್ ಹೇಳಿದ್ದು. ಅವಳಿಗೆ ಗೊತ್ತಾದದ್ದು ಇಷ್ಟೇ: ಗಂಟಲಿನ ಕೊಳವೆ ತೆಗೆದ ಮೇಲೆ ಅಂಗಾತ ಮಲಗಿದ್ದಳು, ಎದೆಯ ಮೇಲೆ ಯಾರೂ ಕೂತಿರಲಿಲ್ಲ.

ಭಾನುವಾರ ಮಂತ್ರಿಗಳು ತೊಂಬತ್ತಮೂರು ಹೃದಯ ನೋಡಿದರು. ಬ್ಯಾನರಿನಲ್ಲಿ ನೂರೇ ಇತ್ತು. ೪೧ನ್ನು ಆ ಕಡೆಗೆ ಒಯ್ಯಲಿಲ್ಲ.

ಬಿಡುಗಡೆಯ ದಿನ ಭಾದುರಿ ಬಂದು ನಿಂತರು. ಬಹುದಿನದ ಮೇಲೆ ಒಳ್ಳೆಯ ಮರ ಸಿಕ್ಕ ಬಡಗಿಯ ಮುಖ. ಮೂರು ತಿಂಗಳು ಭಾರ ಎತ್ತಬಾರದು. ಮೊದಲ ಪೆನ್ಸಿಲಿನ್ ಸೂಜಿ ಇವತ್ತು ಇಲ್ಲಿ ಕೊಟ್ಟಿದ್ದೇವೆ. ಇಪ್ಪತ್ತೊಂದು ದಿನಕ್ಕೊಮ್ಮೆ ತಪ್ಪದೆ ಆಗಬೇಕು. ತಪ್ಪಿ ಇನ್ನೊಂದು ಸಲ ಆ ಜ್ವರ ಬಂದರೆ ನನ್ನ ಹೊಲಿಗೆಯೆಲ್ಲ ಹೋಯಿತು ಎಂದರು. ಮಗಳಿಗೂ ಬೇಕಾ ಎಂದು ಎತ್ವಾರಿ ಕೇಳಿದಳು. ಮೊಣಕಾಲಿನ ಕತೆ ಕೇಳಿ ಅವರ ಮುಖದಲ್ಲಿದ್ದ ಬಡಗಿ ಎದ್ದುಹೋದ. ನಿನಗಿಂತ ಮೊದಲು ಅವಳಿಗೆ ಎಂದರು. ಇಬ್ಬರ ಹೆಸರಿನಲ್ಲೂ ಚೀಟಿ ಬರೆದರು.

ಮರುದಿನ ಮೊದಲ ಬಸ್ಸು ಹಿಡಿದು ತೋಟಕ್ಕೆ ಬಂದಾಗ ಹಗಲು ಹನ್ನೊಂದು. ಜಿತ್ನಿ ಶಾಲೆಗೆ ಹೋಗಿರಲಿಲ್ಲ. ಮನೆಯಲ್ಲೂ ಇರಲಿಲ್ಲ. ಸನಿಯಾರೋ ಸೊಸೆಯ ಮುಖ ನೋಡದೆ ಒಲೆ ಊದಿದಳು.

"ಎಲೆ ಕೀಳೋಕೆ ಹೋಗಿ ಎಂಟು ದಿನ ಆಯ್ತು. ನಂಬರ್ ಖಾಲಿ ಬಿಡೋ ಹಂಗಿಲ್ಲ, ಇಲ್ಲ ಮನೆ ಬಿಡಿ ಅಂದ್ರು ಗುಹ ಬಾಬು. ನಾನೇನ್ ಮಾಡ್ಲವ್ವಾ? ನನ್ನ ತಗೊಳ್ಳಿ ಅಂದೆ. ಹಲ್ಲಿಲ್ದೋರ್ನ ತಗೊಳಲ್ಲ ಅಂದ್ರು."

ಎತ್ವಾರಿ ಬೈಯದೆ ಮಗಳನ್ನು ಹುಡುಕಿ ಹೊರಟಳು. ದಾರಿಯಲ್ಲಿ ತೋಟದ ಆಸ್ಪತ್ರೆ ಸಿಕ್ಕಿತು. ಎರಡು ಚೀಟಿಯನ್ನೂ ಕಂಪೌಂಡರ್ ಕೈಗೆ ಕೊಟ್ಟಳು. ಆತ ಓದಿ, ಸ್ಟಾಕ್ ಇಲ್ಲ ಎಂದು ವಾಪಸು ಕೊಟ್ಟ. ಅಲ್ಲಿಂದ ತನ್ನ ನಂಬರಿನ ಸಾಲಿದ್ದ ಹದಿನಾಲ್ಕನೇ ಸೆಕ್ಷನ್ನಿಗೆ ನಡೆದಳು. ಒಮ್ಮೆಯೂ ನಿಲ್ಲಲಿಲ್ಲ. ಅದು ಅವಳಿಗೇ ಹೊಸದಾಗಿತ್ತು.

ಜಿತ್ನಿ ಸಾಲಿನ ನಡುವೆ ಕುಂಟುತ್ತಿದ್ದಳು. ಬಲಗೈ ಮಣಿಕಟ್ಟು ಊದಿತ್ತು, ಎಡಗೈಯಲ್ಲಿ ಕೀಳುತ್ತಿದ್ದಳು. ಎತ್ವಾರಿ ಹತ್ತಿರ ಹೋಗಿ ಮಗಳ ಹಣೆಪಟ್ಟಿಯನ್ನು ಬೆರಳಿನಿಂದ ಮೇಲಕ್ಕೆ ಸರಿಸಿದಳು. ಬುಟ್ಟಿ ತಾನಾಗಿ ಕೆಳಗೆ ಬಿತ್ತು. ಎಲೆ ಚೆಲ್ಲಿತು.

ಭಗ್ತು ಸರ್ದಾರ್ ಓಡಿ ಬಂದ.

"ನಂಬರ್ ನಂದು," ಎಂದಳು ಎತ್ವಾರಿ. "ನಾನು ಬಂದಿದೀನಿ."

"ಕೀಳ್ತೀಯಾ?"

"ಇಲ್ಲ. ಮೂರು ತಿಂಗಳು ಡಾಕ್ಟ್ರು ಬ್ಯಾಡ ಅಂದವ್ರೆ."

"ಹಂಗಾದ್ರೆ ಮಗಳು ಕೀಳ್ಲಿ."

"ಅವಳೂ ಕೀಳಲ್ಲ."

"ಮತ್ತೆ ಈ ಸಾಲು?"

"ಹಿಂಗೇ ಇರತ್ತೆ. ನನಗೂ ನನ್ನ ಮಗಳಿಗೂ ಸೂಜಿ ಬರೋತನಕ."

ಭಗ್ತು ನಗಲು ನೋಡಿದ. ಸುತ್ತಲೂ ಹೆಂಗಸರ ಕೈ ನಿಂತಿತ್ತು. ನಾಲ್ಕು ಬೈಗುಳ ಬೈದು, ಪಕ್ಕದ ಸಾಲಿನ ಮುದುಕಿ ಝಾಲೋಗೆ, ಆ ಸಾಲನ್ನೂ ನೀನೇ ಎತ್ತು ಎಂದ. ನನ್ನದೇ ಮುಗಿದಿಲ್ಲ ಸರ್ದಾರ್ ಎಂದಳು ಅವಳು. ಅದರಾಚೆಯವಳನ್ನು ಕೇಳಿದ. ಅವಳದೂ ಮುಗಿದಿರಲಿಲ್ಲ. ಆ ದಿನ ಹದಿನಾಲ್ಕನೇ ಸೆಕ್ಷನ್ನಿನಲ್ಲಿ ಯಾರದೂ ಮುಗಿಯಲಿಲ್ಲ. ಎತ್ವಾರಿ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಸಾಲಿನ ತಲೆಗೆ ಕೂತಳು. ಮರುದಿನವೂ ಬಂದು ಕೂತಳು.

ಚಹಾ ಗಿಡವನ್ನು ವಾರಕ್ಕೊಮ್ಮೆ ಕಿತ್ತರೆ ಮಾತ್ರ ಅದು ಗಿಡ. ಬಿಟ್ಟರೆ ಮರವಾಗುವ ಜಾತಿ. ಒಂದು ವಾರಕ್ಕೆ ಕುಡಿ ಬಲಿತು ಗಟ್ಟಿಯಾಯಿತು. ಎರಡು ವಾರಕ್ಕೆ, ಮೇಜಿನಂತೆ ಮಟ್ಟಸವಾದ ಹಸಿರಿನ ನಡುವೆ, ೧೧೪೭ರ ಸಾಲು ಒಂದು ಗೇಣು ಎದ್ದು ನಿಂತಿತು. ಗುಹ ಬಾಬು ಮನೆ ಖಾಲಿ ಮಾಡುವ ನೋಟಿಸು ತಂದು ಬಾಗಿಲಿಗೆ ಅಂಟಿಸಿದ. ಅದರ ಮರುದಿನ ೧೧೬೨ರ ಬಿರ್ಸಿ, ಮಗಳ ಗಂಟಲು ಕೆಟ್ಟಿದೆ ಎಂದು, ತಾನೂ ಬುಟ್ಟಿ ಇಳಿಸಿ ಕೂತಳು.

ಹದಿನೆಂಟನೆಯ ದಿನ ಮ್ಯಾನೇಜರ್ ಸಾಹೇಬರ ಜೀಪು ಸೆಕ್ಷನ್ನಿನ ಅಂಚಿಗೆ ಬಂದು ನಿಂತಿತು. ಹಿಂದೆ ಪೊಲೀಸರ ವ್ಯಾನು. ಸಾಹೇಬರು ಇಳಿಯಲಿಲ್ಲ. ಕೀಳದೆ ಬಿಟ್ಟ ಸಾಲುಗಳನ್ನು ಕೂತಲ್ಲಿಂದಲೇ ನೋಡಿದರು. ಅವು ಒಂಬತ್ತಾಗಿದ್ದವು. ಇವರ ಲೀಡರ್ ಯಾರು ಎಂದು ಭಗ್ತುವನ್ನು ಕೇಳಿದರು.

"ಲೀಡರ್ ಅಂತ ಯಾರೂ ಇಲ್ಲ ಸಾಬ್," ಎಂದ ಭಗ್ತು. ಅವನಿಗೂ ಮನೆಯಲ್ಲಿ ಎಂಟು ವರ್ಷದ ಮೊಮ್ಮಗಳಿದ್ದಳು. "ಕೂತವ್ರೆ ಅಷ್ಟೇ."

ವ್ಯಾನಿನ ಹಿಂಬಾಗಿಲು ತೆರೆಯಿತು. ಎತ್ವಾರಿ ಜಿತ್ನಿಯನ್ನು ತನ್ನ ಬೆನ್ನ ಹಿಂದಕ್ಕೆ ಸರಿಸಿಕೊಂಡಳು. ಅವಳ ಎರಡನೆಯ ಸೂಜಿಯ ದಿನಕ್ಕೆ ಇನ್ನೂ ಮೂರು ದಿನ ಇತ್ತು.